ಡಾರ್ಜಿಲಿಂಗ್ ಎಲೆ, ಬೆಂಗಳೂರಿನ ನೀರು

ಒಳ್ಳೆಯ ಎಲೆ ಚಹಾ ಕುಡಿಯಲು ಹೊರಟವರಿಗೆ ನಾನು ಮೊದಲು ಹೇಳುವುದು ನೀರಿನ ಬಗ್ಗೆ. ಬೆಂಗಳೂರಿನ ನಮ್ಮ ಮನೆಗೆ ಕೆಲವು ದಿನ ಕಾವೇರಿ ನೀರು ಬರುತ್ತದೆ, ಕೆಲವು ದಿನ ಕೊಳವೆಬಾವಿಯದು. ಕೊಳವೆಬಾವಿಯ ಗಡಸು ನೀರಿನಲ್ಲಿ ಇಳಿಸಿದ ಚಹಾದ ಮೇಲೆ ತೆಳ್ಳನೆಯ ಕೆನೆ ಕಟ್ಟುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶವೇ ಅದಕ್ಕೆ ಕಾರಣ. ಬಣ್ಣ ಮಂಕಾಗುತ್ತದೆ, ಕಂಪು ಅಡಗುತ್ತದೆ. ಅದೇ ಎಲೆ ಕಾವೇರಿ ನೀರಿನಲ್ಲಿ ತಿಳಿಯಾಗಿ ಹೊಳೆಯುತ್ತದೆ. ಹಾಗಾಗಿ ಚಹಾಕ್ಕೆಂದೇ ಆ ನೀರನ್ನು ಹಿಡಿದಿಡುತ್ತೇನೆ.

ಡಾರ್ಜಿಲಿಂಗ್‌ನಲ್ಲಿ ಚಳಿ ಕಳೆದು ಮಾರ್ಚ್ ಹೊತ್ತಿಗೆ ಬರುವ ಮೊದಲ ಚಿಗುರಿಗೆ ಫಸ್ಟ್ ಫ್ಲಶ್ ಎನ್ನುತ್ತಾರೆ. ಲೆಕ್ಕಕ್ಕೆ ಇದು ಕಪ್ಪು ಚಹಾ. ಆದರೆ ಎಲೆಯನ್ನು ಚೆನ್ನಾಗಿ ಬಾಡಿಸಿ ತೇವ ತೆಗೆಯುವುದರಿಂದ ಅದು ಪೂರ್ತಿ ಕಪ್ಪಾಗದೆ ಹಸಿರು ಉಳಿಸಿಕೊಂಡಿರುತ್ತದೆ. 200 ಮಿ.ಲೀ. ನೀರಿಗೆ ಎರಡೂವರೆ ಗ್ರಾಂ ಎಲೆ ಹಾಕುತ್ತೇನೆ. ಕುದಿದ ನೀರನ್ನು 90 ಡಿಗ್ರಿಯವರೆಗೆ ಆರಲು ಬಿಟ್ಟು ಸುರಿದು, ಮುಚ್ಚಿ, ಮೂರು ನಿಮಿಷಕ್ಕೆ ಸೋಸುತ್ತೇನೆ. ಹೆಚ್ಚು ಹೊತ್ತು ಬಿಟ್ಟರೆ ಒಗರು ಮೇಲೆದ್ದು ಹೂವಿನಂಥ ಆ ಕಂಪನ್ನು ತಿಂದುಹಾಕುತ್ತದೆ. ಎಲೆಗೆ ಅರಳಲು ಜಾಗ ಬೇಕು. ಚಿಕ್ಕ ಗುಂಡು ಜಾಲರಿಗಳಲ್ಲಿ ಅದನ್ನು ತುರುಕಬಾರದು.

ನನಗೆ ಅದಕ್ಕಿಂತಲೂ ಪ್ರಿಯವಾದದ್ದು ಮೇ–ಜೂನ್ ತಿಂಗಳ ಸೆಕೆಂಡ್ ಫ್ಲಶ್. ಅದರ ಮಸ್ಕಟ್ ದ್ರಾಕ್ಷಿಯ ಕಂಪಿನಲ್ಲಿ ಒಂದು ಪುಟ್ಟ ಹಸಿರು ಜಿಗಿಹುಳುವಿನ ಪಾಲಿದೆ. ಹುಳು ಚಿಗುರಿನ ರಸ ಹೀರುತ್ತದೆ, ಗಿಡ ತನ್ನ ರಕ್ಷಣೆಗೆ ಸುವಾಸನೆಯ ದ್ರವ್ಯಗಳನ್ನು ಹುಟ್ಟಿಸುತ್ತದೆ, ಅವು ನಮ್ಮ ಬಟ್ಟಲಿಗೆ ಬರುತ್ತವೆ. ತೈವಾನಿನ ಓರಿಯೆಂಟಲ್ ಬ್ಯೂಟಿ ಎಂಬ, ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆಯಾದ ಊಲಾಂಗ್‌ನ ಜೇನಿನ ಕಂಪೂ ಇಂಥದೇ ಹುಳುವಿನ ಕೊಡುಗೆ. ಇದು ತಿಳಿದ ಮೇಲೆ ನಾನು ಮೊದಲ ಗುಟುಕಿಗೆ ಮುಂಚೆ ಒದ್ದೆ ಎಲೆಯನ್ನು ಮೂಸದೆ ಬಿಟ್ಟದ್ದೇ ಇಲ್ಲ.

ನಮಗೆ ಹತ್ತಿರದ ನೀಲಗಿರಿಯನ್ನು ಚಹಾಪ್ರಿಯರು ಕಡೆಗಣಿಸುತ್ತಾರೆ ಎಂಬ ಕೊರಗು ನನಗಿದೆ. ಡಿಸೆಂಬರ್–ಜನವರಿಯಲ್ಲಿ ಕೂನೂರಿನ ಸುತ್ತಲಿನ ತೋಟಗಳಲ್ಲಿ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬೀಳುತ್ತದೆ. ಆಗ ಚಿಗುರು ನಿಧಾನವಾಗಿ ಬೆಳೆಯುತ್ತದೆ, ಕಂಪು ಸಾಂದ್ರವಾಗುತ್ತದೆ. ಆ ಕಾಲದಲ್ಲಿ ಕೊಯ್ದ ಫ್ರಾಸ್ಟ್ ಟೀಯನ್ನು ಸಕ್ಕರೆ ಇಲ್ಲದೆಯೇ ಕುಡಿದು ನೋಡಿ.

ಕೊಳ್ಳುವಾಗ ತೋಟದ ಹೆಸರನ್ನೂ ಕೊಯ್ಲಿನ ತಿಂಗಳನ್ನೂ ಕೇಳುತ್ತೇನೆ. ಎರಡನ್ನೂ ಹೇಳಲಾಗದ ಅಂಗಡಿಯಲ್ಲಿ ದುಬಾರಿ ಎಲೆ ಕೊಳ್ಳುವುದಿಲ್ಲ. ಪೊಟ್ಟಣದ ಮೇಲಿನ ಎಸ್‌ಎಫ್‌ಟಿಜಿಎಫ್‌ಒಪಿ ಎಂಬ ಉದ್ದನೆಯ ದರ್ಜೆ ಹೇಳುವುದು ಎಲೆಯ ಗಾತ್ರ ಮತ್ತು ಚಿಗುರಿನ ಪ್ರಮಾಣವನ್ನು; ರುಚಿಗೆ ಅದು ಖಾತರಿಯಲ್ಲ. ಒಂದು ಸಲಕ್ಕೆ 50 ಗ್ರಾಂ ಸಾಕು. ಚಹಾದ ಎಲೆ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಸಾಂಬಾರ್ ಪುಡಿ, ಇಂಗು ಇರುವ ಕಪಾಟಿನಿಂದ ದೂರ ಇಡಿ. ಫಸ್ಟ್ ಫ್ಲಶ್ ಆದರೆ ಮುಂದಿನ ಮಾರ್ಚ್ ಬರುವುದರೊಳಗೆ ಕುಡಿದು ಮುಗಿಸಿ.