ಸ್ವಿಸ್ ಲೂಗರಿನ ನಂಬರಿಗೆ ಪಡಿಯಚ್ಚು: ನನ್ನ ಅನುಭವ

ಲುಟ್ಸರ್ನ್‌ನ ಆಯುಧ ಸಂತೆಯಲ್ಲಿ ಆ ಲೂಗರ್ ಪಿಸ್ತೂಲು ಕೈಗೆತ್ತಿಕೊಂಡಾಗ ಜೊತೆಗಿದ್ದ ಇಬ್ಬರು ಹಿರಿಯ ಸಂಗ್ರಾಹಕರೂ ಬೇಡ ಅಂದರು. 1906ರ ಮಾದರಿ, ಟಾಗಲ್ (ಮೇಲ್ಭಾಗದ ಮಡಚುವ ಕೀಲು) ಮೇಲೆ ಬರ್ಲಿನ್ನಿನ ತಯಾರಕರಾದ ಡಿಡಬ್ಲ್ಯುಎಂ ಮುದ್ರೆ, ಚೇಂಬರ್ (ಗುಂಡು ಕೂರುವ ಕೋಣೆ) ಮೇಲೆ ಗುರಾಣಿಯೊಳಗೆ ಸ್ವಿಸ್ ಶಿಲುಬೆ, ನಂಬರು ಹದಿಮೂರು ಸಾವಿರದ ಚಿಲ್ಲರೆ. ಅಲ್ಲಿಗೆ ಲೆಕ್ಕ ಸರಿ: ಕಿರಣಗಳ ನಡುವಿನ ಶಿಲುಬೆ ಸುಮಾರು ಒಂಬತ್ತು ಸಾವಿರದವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಗುರಾಣಿಯೊಳಗಿನ ಶಿಲುಬೆ. ತಕರಾರು ಇದ್ದದ್ದು ನಳಿಗೆಯ ಬಗ್ಗೆ. "ಶಸ್ತ್ರಾಗಾರದಲ್ಲಿ ನಳಿಗೆ ಬದಲಾಯಿಸಿ ನಂಬರು ಹೊಡೆದಿದ್ದಾರೆ, ಸಾವಿರದ ಮೇಲೆ ಒಂದು ಫ್ರಾಂಕೂ ಬೇಡ" ಅಂತ ಒಬ್ಬರು. ನಾನು 1,400 ಕೊಟ್ಟೆ. ಕ್ಯಾಂಟನ್‌ನ ಖರೀದಿ ಪರವಾನಗಿಗೆ ಇನ್ನೈವತ್ತು.

ಧೈರ್ಯ ಸುಮ್ಮನೆ ಬಂದದ್ದಲ್ಲ. ಎರಡು ವರ್ಷದ ಹಿಂದೆ 06/29 ಎಂಬ ಇನ್ನೊಂದು ಸ್ವಿಸ್ ಲೂಗರ್ ಮಾದರಿಗೆ 1,900 ಸುರಿದಿದ್ದೆ. ಕೆಂಪುಕಂದು ಪ್ಲಾಸ್ಟಿಕ್ ಹಿಡಿ, ಟಾಗಲಿನ ಮುಂಭಾಗದಲ್ಲಿ ಶಿಲುಬೆ, ಕನ್ನಡಿಯಂಥ ಹೊಳಪು. ಆ ಹೊಳಪೇ ನನ್ನನ್ನು ಕೆಡಿಸಿತು. ಯಾರೋ ಉಜ್ಜಿ ಮತ್ತೆ ಬ್ಲೂಯಿಂಗ್ (ಉಕ್ಕಿಗೆ ನೀಲಿಗಪ್ಪು ಬಣ್ಣ) ಮಾಡಿಸಿದ್ದರು. ಮಾರುವಾಗ ಆರುನೂರು ಹೋಯಿತು. ನಂಬರು ಓದಿದ್ದೆ, ಆದರೆ ನಂಬರಿನ ಅಂಚು ನೋಡಿರಲಿಲ್ಲ.

ಚಿಕ್ಕಂದಿನಲ್ಲಿ ನಮ್ಮೂರ ಗುಡಿಯ ಶಾಸನಕ್ಕೆ ಪಡಿಯಚ್ಚು ತೆಗೆಯುವುದನ್ನು ಬಿಸಿಲಲ್ಲಿ ಕೂತು ನೋಡಿದ್ದೆ. ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ, ಮಸಿ ಒತ್ತುವುದು. ಕಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಎದ್ದು ಬರುತ್ತಿತ್ತು. ಅದನ್ನೇ ಉಕ್ಕಿನ ಮೇಲೆ ಮಾಡೋಣವೆಂದು ಹೊರಟಾಗ ಸಂಗ್ರಾಹಕ ಗೆಳೆಯರು ತಲೆಯಾಡಿಸಿದರು. ಮೊದಲ ಸಲ ಅವರೇ ಗೆದ್ದರು: ಒದ್ದೆ ಕಾಗದ ಬಿಟ್ಟುಹೋದ ತುಕ್ಕಿನ ಚುಕ್ಕೆ ಪಿಸ್ತೂಲಿನ ಪಕ್ಕದ ಮುಚ್ಚಳವಾದ ಒಂದು ಕೆಟ್ಟ ಸೈಡ್‌ಪ್ಲೇಟ್ ಮೇಲೆ ಇವತ್ತಿಗೂ ಇದೆ. ಪುಣ್ಯಕ್ಕೆ ಅದು ಬಿಡಿಭಾಗ. ಆಮೇಲೆ ತೆಳು ಕಾಗದ, ಗ್ರಾಫೈಟ್. ದಪ್ಪ ಅಂಕಿಗೆ ಸಾಕು, ಸಣ್ಣದಕ್ಕೆ ಆಗಲಿಲ್ಲ. ಕೊನೆಗೆ ದಂತವೈದ್ಯರು ಹಲ್ಲಿನ ಅಚ್ಚಿಗೆ ಬಳಸುವ ಸಿಲಿಕೋನ್ ಕೈಹಿಡಿಯಿತು. ಎರಡು ಟ್ಯೂಬಿಗೆ ನಲವತ್ತು ಫ್ರಾಂಕು ಬಿದ್ದಿರಬೇಕು. ಬುಡದಲ್ಲಿ ಗುಳ್ಳೆ ಏಳದಂತೆ ಮೊದಲು ಏನು ಸವರುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ನನ್ನ ಒಂದು ಚಳಿಗಾಲ ಖರ್ಚಾಗಿದೆ.

ಅಚ್ಚನ್ನು ಓರೆ ಬೆಳಕಿನಲ್ಲಿ ದೊಡ್ಡದು ಮಾಡಿ ನೋಡಿದರೆ ಎರಡು ಸಂಗತಿ ಗೊತ್ತಾಗುತ್ತವೆ. ಉಜ್ಜಿದ ಲೋಹದಲ್ಲಿ ಅಂಕಿಯ ಅಂಚು ಗುಂಡಗಾಗಿ ಒಂದು ಬದಿ ಆಳ ಕಡಿಮೆ ಇರುತ್ತದೆ. ಇನ್ನೊಂದು, ಅಂಕಿ ಒತ್ತುವ ಪ್ರತಿ ಪಂಚಿಗೂ ತನ್ನದೇ ಗಾಯ ಇರುತ್ತದೆ. ನನ್ನ ಪಿಸ್ತೂಲಿನ ಫ್ರೇಮಿನ (ಒಡಲಿನ) ಮುಂದುಗಡೆಯ 'ಮೂರು' ಅಂಕಿಯಲ್ಲಿ ಕೆಳಗಿನ ಸುಳಿಗೆ ಕೂದಲಷ್ಟು ಬಿರುಕು. ನಳಿಗೆಯ ಅಡಿಯ ಮೂರರಲ್ಲೂ ಅದೇ ಬಿರುಕು, ಅದೇ ಜಾಗದಲ್ಲಿ. ಎರಡಕ್ಕೂ ಒಂದೇ ಪಂಚು ಬಿದ್ದಿದೆ. ಅಂದರೆ ನಳಿಗೆ ಬರ್ಲಿನ್ನಿನಿಂದಲೇ ಜೊತೆಗೆ ಬಂದದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಡುವೆ ಹಿಡಿಯ ಮರದ ಮೇಲೆ ಯುವಿ ದೀಪ ಹಿಡಿದು ನೋಡಿದೆ. ಅರಗಿನ ಮೆರುಗು ಕಿತ್ತಳೆಯಾಗಿ ಹೊಳೆಯುತ್ತದೆ. ಎಡಗಡೆಯ ಹಲಗೆ ಮಾತ್ರ ಹೊಳೆಯಿತು, ಬಲಗಡೆಯದು ಇಲ್ಲ. ಒಂದಕ್ಕೆ ಮಾತ್ರ ಯಾರೋ ಮೆರುಗು ಹಚ್ಚಿದ್ದಾರೆ. ಬೆಲೆಗೆ ನೂರು ಕಡಿಮೆ ಅಂತ ನಾನೇ ಬರೆದುಕೊಂಡೆ, ಮುಚ್ಚಿಡಲಿಲ್ಲ.

ಈ ಪಿಸ್ತೂಲುಗಳ ಮೇಲೆ ಒತ್ತಿರುವ 'ಪಿ' ಅಕ್ಷರದ ಗೊಂದಲವನ್ನೂ ಹೇಳಿಬಿಡುತ್ತೇನೆ. ಸೇವೆ ಮುಗಿಸಿದ ಸೈನಿಕನಿಗೆ ಆಯುಧ ಸ್ವಂತವಾದಾಗ ಬಿದ್ದ 'ಪಿ' ಬೇರೆ, 06/29ರಲ್ಲಿ ಖಾಸಗಿ ಮಾರಾಟದ ನಂಬರಿನ ಮುಂದಿರುವ 'ಪಿ' ಬೇರೆ. ಇವೆರಡನ್ನು ಒಂದೇ ಅಂದುಕೊಂಡು ಬೆಲೆ ಕಟ್ಟಿದವರನ್ನು ಕಂಡಿದ್ದೇನೆ. ಪಿಸ್ತೂಲಿನ ಚರ್ಮದ ಚೀಲದ ಮೇಲೆ ಜೀನುಗಾರನ ಹೆಸರು, ಊರು, ವರ್ಷ ಒತ್ತಿರುತ್ತಾರೆ. ಅದು ಪಿಸ್ತೂಲಿಗೆ ಹೊಂದಿದರೆ ನಾನು ಇನ್ನೂರು ಸೇರಿಸುತ್ತೇನೆ. ನನ್ನದು ಹೊಂದಲಿಲ್ಲ, ಚೀಲ ಬಹಳ ಈಚಿನದು.

ಅಚ್ಚಿನ ಫೋಟೋಗಳನ್ನು ಹಾಳೆಗೆ ಅಂಟಿಸಿ, ಜೊತೆಗಿಟ್ಟು ಪಿಸ್ತೂಲನ್ನು ಹರಾಜಿಗೆ ಇಟ್ಟೆ. ಅಂದಾಜು 1,800 ಎಂದಿದ್ದರು, 2,700ರ ಆಸುಪಾಸಿಗೆ ಹೋಯಿತು. ಕಮಿಷನ್ ಕಳೆದು ಕೈಗೆ ಬಂದದ್ದು 2,200ಕ್ಕೆ ಸ್ವಲ್ಪ ಮೇಲೆ. ಬೇಡ ಅಂದಿದ್ದ ಹಿರಿಯರಲ್ಲಿ ಒಬ್ಬರು ಮರುವಾರ ತಮ್ಮ 1900ರ ಮಾದರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೇ ಬಂದರು, ಅಚ್ಚು ತೆಗೆದುಕೊಡು ಅಂತ.

ಈಗ ಮೇಜಿನ ಮೇಲಿರುವುದು 1882ರ ಸ್ಮಿತ್ ರಿವಾಲ್ವರು, ಏಳೂವರೆ ಮಿಲಿಮೀಟರಿನದು. ಅದರ ಪುಟ್ಟ ಅಂಕಿಗಳಲ್ಲಿ ಸಿಲಿಕೋನ್ ಕೀಳುವಾಗ ಹರಿಯುತ್ತಿದೆ. ಇನ್ನೂ ಮೆತ್ತನೆಯ ಬಗೆಯೊಂದನ್ನು ತರಿಸಿದ್ದೇನೆ.