ಲಾಂಗ್ ಬೂಮ್ ಹಿಟಾಚಿಯಲ್ಲಿ ಕಾಲುವೆಯ ಹೂಳು ತೆಗೆಯುವುದು: ನನ್ನ ಅನುಭವ

ಲಾಂಗ್ ಬೂಮ್ ಬಾಡಿಗೆಗೆ ಕರೆಸುವ ಬಹಳ ಮಂದಿ ಅದನ್ನು ದೊಡ್ಡ ಮಷಿನ್ ಅಂದುಕೊಂಡಿರುತ್ತಾರೆ. ಅದು ಅದೇ 20–22 ಟನ್ನಿನ ಹಿಟಾಚಿ, ಅಂದರೆ ಮಣ್ಣು ಅಗೆಯುವ ಮಷಿನ್. ಬೂಮು (ಬುಡದ ಕೈ), ಆರ್ಮು (ಬಕೆಟ್ ಹಿಡಿಯುವ ಮುಂದಿನ ಕೈ) ಬೇರೆ, ಹಿಂದೆ ಕೌಂಟರ್ ವೇಟ್ (ಮುಂದಕ್ಕೆ ಮಗುಚದಂತೆ ಇಡುವ ಭಾರ) ಸ್ವಲ್ಪ ಜಾಸ್ತಿ, ಅಷ್ಟೇ. ಮಾಮೂಲಿ ಮಷಿನ್ ಸುಮಾರು 10 ಮೀಟರ್ ಚಾಚಿದರೆ ಇದು 15–16 ಮೀಟರ್ ಚಾಚುತ್ತದೆ, ಆಳಕ್ಕೆ 11–12 ಮೀಟರ್ ಇಳಿಯುತ್ತದೆ. ಉದ್ದ ಬಂದಷ್ಟೂ ಬಲ ಹೋಗಿರುತ್ತದೆ. ಒಂದು ಘನ ಮೀಟರಿನ ಬಕೆಟ್ ಇದ್ದ ಕಡೆ 0.45ರದ್ದು ಬರುತ್ತದೆ. ಒದ್ದೆ ಹೂಳು ಘನ ಮೀಟರ್‌ಗೆ ಒಂದೂವರೆ ಟನ್ ತೂಗುತ್ತದೆ; ಬಕೆಟ್ಟಿನ ತೂಕ ಕೂಡಿಸಿದರೆ ಒಂದು ಟನ್ನಿಗೂ ಮೇಲೆ 15 ಮೀಟರ್ ಆಚೆ ನೇತಾಡುತ್ತಿರುತ್ತದೆ. ‘ದೊಡ್ಡ ಬಕೆಟ್ ಹಾಕ್ರಿ, ಬೇಗ ಮುಗೀತದ’ ಅನ್ನುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ನಿಂತಮೇಲೆ, ಬೇಸಿಗೆಯಲ್ಲೇ ಈ ಕೆಲಸ. ಆರಂಭದಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳಿನಿಂದ ಈಗ 105.78ಕ್ಕೆ ಬಂದಿದೆ. ಅಲ್ಲಿ ತಂಗದ ನುಣುಪು ಮಣ್ಣು ಕಾಲುವೆಗೆ ಬಂದು, ನೀರಿನ ಓಟ ನಿಧಾನವಾದಲ್ಲಿ ಕೂರುತ್ತದೆ.

ನೀರು ನಿಲ್ಲಿಸಿದ ಮರುದಿನವೇ ಮಷಿನ್ ಒಡ್ಡಿಗೆ ಹತ್ತಿಸಬಾರದು. ಕಾಲುವೆಯ ನೀರು ಇಳಿದಿರುತ್ತದೆ, ಒಡ್ಡಿನ ಹೊಟ್ಟೆಯೊಳಗಿನ ನೀರು ಇಳಿದಿರುವುದಿಲ್ಲ. ಎದುರಿನಿಂದ ಒತ್ತಿ ಹಿಡಿದಿದ್ದ ನೀರು ಹೋದದ್ದೇ ತಡ, ನೆನೆದ ಎರೆ ಮಣ್ಣು ಜಾರಲು ಕಾಯುತ್ತಿರುತ್ತದೆ. ನಾವು ಎಂಟು–ಹತ್ತು ದಿನ ಬಿಡುತ್ತೇವೆ. ಆಮೇಲೆ ಒಡ್ಡಿನ ಅಂಚಿನಿಂದ ಒಂದೂವರೆ ಮೀಟರ್ ಒಳಗೆ, ಅಂಚಿನ ಉದ್ದಕ್ಕೂ ಸುಣ್ಣದ ಗೆರೆ ನೆಟ್ಟಗೆ ಎಳೆಯುತ್ತೇವೆ. ಹೆಲ್ಪರ್ ತಾಸಿಗೊಮ್ಮೆ ಗೆರೆ ನೋಡಬೇಕು. ಗೆರೆ ಒಂದು ಕಡೆ ಬಾಗಿದರೆ, ಅದರ ಹಿಂದೆ ಕೂದಲೆಳೆಯಷ್ಟು ಸೀಳು ಕಂಡರೆ, ಬಕೆಟ್ಟಿನಲ್ಲಿ ಇದ್ದದ್ದನ್ನು ಅಲ್ಲೇ ಕೆಡವಿ ಹಿಂದೆ ಸರಿಯಬೇಕು. ಹಾಗೆ ಸರಿಯಲು ಬರಬೇಕೆಂದೇ ಚೈನನ್ನು (ಗಾಲಿಯ ಬದಲು ಇರುವ ಕಬ್ಬಿಣದ ಪಟ್ಟಿ) ಕಾಲುವೆಯ ಉದ್ದಕ್ಕೆ ಅಲ್ಲ, ಕಾಲುವೆಗೆ ಮುಖ ಮಾಡಿ ನಿಲ್ಲಿಸುವುದು. ಚೈನ್ ತಿರುಗಿಸುವ ಟ್ರಾವೆಲ್ ಮೋಟರು ಹಿಂದಿರಬೇಕು. ನೆಲ ಮೆತ್ತಗಿದ್ದರೆ ಚೈನಿನ ಕೆಳಗೆ ಮರದ ದಿಮ್ಮಿ ಅಥವಾ ಕಬ್ಬಿಣದ ಪ್ಲೇಟು ಹಾಸಲೇಬೇಕು. ಬೂಮ್ ಪೂರ್ತಿ ಚಾಚಿದಾಗ ಭಾರವೆಲ್ಲ ಚೈನಿನ ಮೂತಿಗೆ ಬರುತ್ತದೆ. ಸಿಕ್ಕಿಬಿದ್ದರೆ ಬಕೆಟ್ ಊರಿ ತನ್ನನ್ನು ತಾನೇ ಎಳೆದುಕೊಳ್ಳುವ ಶಕ್ತಿ ಈ ಕೈಗೆ ಇಲ್ಲ.

ಹೂಳಿಗೆ ಹಲ್ಲಿಲ್ಲದ ಅಗಲ ಬಕೆಟ್ಟೇ ಸರಿ, ಹಿಂಬದಿಗೆ 20–25 ಮಿ.ಮೀ. ತೂತು ಹೊಡೆಸಿದ್ದು. ನೀರು ಅಲ್ಲೇ ಸೋರಿದರೆ ಮೇಲೆತ್ತುವ ಭಾರ ಕಡಿಮೆ. ಜೊಂಡು ಬಂದರೆ ತೊಂದರೆಯಿಲ್ಲ. ಬಳ್ಳಾರಿ ಜಾಲಿಯ ಬುಡ ಇದ್ದರೆ ಮಾಮೂಲಿ ಹಿಟಾಚಿ ತಂದು ಕೀಳಿಸಿ. ಬಕೆಟ್ ನೆಲಕ್ಕೆ ತಾಗಿರುವಾಗ ಅಡ್ಡ ಸ್ವಿಂಗ್ ಮಾಡಿ ಗುಡಿಸುವ ಚಾಳಿಯಂತೂ ಬೇಡವೇ ಬೇಡ. ಉದ್ದನೆಯ ಕೈ ತಿರುಚಿಕೊಂಡು, ಕೀಲಿನ ಪಿನ್ನು, ಅದರ ಸುತ್ತಲಿನ ಬಳೆಯಂಥ ಬುಷ್ಷು ಸವೆದು, ಕೊನೆಗೆ ವೆಲ್ಡಿಂಗ್ ಬಿಡುತ್ತದೆ.

ನೀರು ನಿಂತ ಕಡೆ ಆಪರೇಟರ್‌ಗೆ ತಳ ಕಾಣುವುದಿಲ್ಲ. ಅದಕ್ಕೆ ಬಕೆಟ್ಟಿನ ತುದಿಯಿಂದ ಅಳೆದು ಆರ್ಮಿನ ಮೇಲೆ ಅರ್ಧ ಅರ್ಧ ಮೀಟರಿಗೆ ಬಿಳಿ ಪೇಂಟಿನ ಪಟ್ಟಿ ಬಳಿಯುತ್ತೇವೆ, ಮೀಟರ್ ಪಟ್ಟಿಗೆ ಕೆಂಪು. ಆರ್ಮ್ ನೆಟ್ಟಗೆ ನಿಂತಾಗ ಮಾತ್ರ ನೀರಿನ ಮಟ್ಟ ಯಾವ ಪಟ್ಟಿಗಿದೆ ಎಂದು ಓದಬೇಕು. ವಾರೆಯಾಗಿದ್ದರೆ ಇದ್ದದ್ದಕ್ಕಿಂತ ಆಳ ತೋರಿಸುತ್ತದೆ. ಕಾಂಕ್ರೀಟ್ ಲೈನಿಂಗ್ ಇದ್ದರೆ ಕೊನೆಯ 10–15 ಸೆಂ.ಮೀ. ಹೂಳನ್ನು ಬಿಟ್ಟು ಆಳಿನಿಂದ ತೆಗೆಸಿ. ಲೈನಿಂಗ್ ಒಡೆದರೆ ನೀರು ಕೆಳಗಿನ ಗರಸಿನ ಪದರ ದಾಟಿ ಎರೆಗೆ ಇಳಿಯುತ್ತದೆ, ಎರೆ ಉಬ್ಬಿ ಪಕ್ಕದ ಚಪ್ಪಡಿಯನ್ನೂ ಎತ್ತುತ್ತದೆ.

ಟಿಪ್ಪರ್‌ಗೆ ನೇರ ತುಂಬುವುದು ನನಗೆ ಸರಿಬರುವುದಿಲ್ಲ. ಒಮ್ಮೆ ಅಗೆದು ಸುರಿಯಲು ಲಾಂಗ್ ಬೂಮ್ ಅರ್ಧ ನಿಮಿಷ ತೆಗೆದುಕೊಳ್ಳುತ್ತದೆ, ತಾಸಿಗೆ 30–35 ಘನ ಮೀಟರ್ ಬಂದರೆ ಒಳ್ಳೆಯ ಕೆಲಸ. ಟಿಪ್ಪರ್ ಸಾಲು ನಿಲ್ಲುತ್ತದೆ, ರಾಡಿ ರಸ್ತೆ ತುಂಬ ಸೋರುತ್ತದೆ. ಅಂಚಿನಿಂದ ನಾಲ್ಕೈದು ಮೀಟರ್ ಹಿಂದೆ ತೆಳ್ಳಗೆ ಹರಡಿ, ಎರಡು ದಿನ ನೀರು ಬಸಿದಮೇಲೆ ಮಾಮೂಲಿ ಹಿಟಾಚಿಯಿಂದ ತುಂಬಿಸುತ್ತೇವೆ. ಅಂಚಿನಲ್ಲೇ ಗುಡ್ಡೆ ಹಾಕಿದರೆ ಒಡ್ಡು ಜಾರುತ್ತದೆ.

ಕಾಲುವೆ ದಾಟುವ ಪಂಪ್‌ಸೆಟ್ಟಿನ 11 ಕೆವಿ ತಂತಿ ಮರೆಯಬೇಡಿ. ಎತ್ತಿದ ಬೂಮ್ ಕಂಬಕ್ಕಿಂತ ಮೇಲಿರುತ್ತದೆ. ವಿದ್ಯುತ್ ಕಂಪನಿ ಜೆಸ್ಕಾಂನವರಿಂದ ಲೈನಿನ ಕರೆಂಟು ಬಂದ್ ಮಾಡಿಸಿಯೇ ಕಾಲುವೆಯ ಆ ತುಂಡಿನ ಕೆಲಸ ಮಾಡುವುದು.

ಜಾಕ್‌ವೆಲ್ (ನದಿ, ಕೆರೆಯಿಂದ ನೀರೆತ್ತುವ ಬಾವಿ) ಹತ್ತಿರ ಪಾಂಟೂನ್ (ತೇಲುವ ಕಟ್ಟೆ) ಮೇಲೆ ಮಷಿನ್ ಇಟ್ಟರೆ, ಎಷ್ಟು ದೂರದಲ್ಲಿ ಎಷ್ಟು ಭಾರ ಎತ್ತಬಹುದು ಎಂದು ಹೇಳುವ ನೆಲದ ಮೇಲಿನ ಲೋಡ್ ಚಾರ್ಟ್ ನಡೆಯುವುದಿಲ್ಲ, ಪಾಂಟೂನ್ ವಾಲಿದಷ್ಟೂ ಎತ್ತುವ ಮಿತಿ ಇಳಿಯುತ್ತದೆ. ಬಂದರಿನಲ್ಲಿ ಉಪ್ಪುನೀರು ಬೇರೆ. ದಿನಾ ಸಿಹಿನೀರಲ್ಲಿ ತೊಳೆಯಬೇಕು.

ನೀರೊಳಗೆ ಹೋಗುವ ಬಕೆಟ್ ಪಿನ್, ಲಿಂಕ್ ಪಿನ್‌ಗಳಿಗೆ ಮೂರು ತಾಸಿಗೊಮ್ಮೆ ಗ್ರೀಸ್. ಮೊದಲು ಕಪ್ಪು ರಾಡಿ ಬರುತ್ತದೆ. ಹೊಸ ಗ್ರೀಸ್ ಬಣ್ಣ ಕಾಣುವವರೆಗೂ ಒತ್ತಬೇಕು. ಸಂಜೆ ಕೆಲಸ ಬಿಟ್ಟಮೇಲೂ ಹೊಡೆಯಬೇಕು, ಇಲ್ಲವಾದರೆ ರಾತ್ರಿಯೆಲ್ಲ ನೀರು ಒಳಗೇ ಕೂತು ಬುಷ್ ತಿನ್ನುತ್ತದೆ. ವಾರಕ್ಕೊಮ್ಮೆ ಬೂಮಿನ ಬುಡ, ಸಿಲಿಂಡರ್ ಕಿವಿಗಳ ವೆಲ್ಡಿಂಗ್ ತೊಳೆದು ನೋಡಿ. ಪೇಂಟಿನ ಮೇಲೆ ತುಕ್ಕಿನ ಸಣ್ಣ ಗೆರೆ ಇದ್ದರೆ ಅಲ್ಲಿ ಬಿರುಕಿದೆ. ಮೇಲೆ ಪಟ್ಟಿ ಬಡಿದು ಮುಚ್ಚಬೇಡಿ. ಬಿರುಕಿನ ಎರಡೂ ತುದಿಗೆ 6–8 ಮಿ.ಮೀ. ತೂತು ಹೊಡೆದು, ಬಿರುಕನ್ನು ಪೂರ್ತಿ ಕೆತ್ತಿ, ಆಮೇಲೆ ವೆಲ್ಡ್ ತುಂಬಿಸಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿ, ಕಂಟ್ರೋಲರ್ (ಮಷಿನ್ನಿನ ಕಂಪ್ಯೂಟರ್) ಕನೆಕ್ಟರ್ ತೆಗೆದು, ಅರ್ಥ್ ಕ್ಲಾಂಪನ್ನು ಬಿರುಕಿನ ಪಕ್ಕದಲ್ಲೇ ಹಾಕಿ. ಚೈನಿಗೆ ಹಾಕಿದರೆ ಕರೆಂಟು ಪಿನ್ನು, ಸ್ವಿಂಗ್ ಬೇರಿಂಗು ಎಲ್ಲ ದಾಟಿ ಹೋಗಿ ಅವನ್ನು ಸುಡುತ್ತದೆ.