ಸಂತೇಮರಹಳ್ಳಿ: ಇಲ್ಲದ ಕ್ಷೇತ್ರದ ಇತಿಹಾಸವನ್ನು ನಾನು ಕಟ್ಟಿದ ಬಗೆ

ಕ್ಷೇತ್ರ ರದ್ದಾದ ವರ್ಷಕ್ಕೆ ಅದರ ಇತಿಹಾಸವನ್ನೂ ಮುಗಿಸಬೇಕು ಎಂಬುದು ನಮ್ಮ ಕಡೆ ಚುನಾವಣಾ ದಾಖಲೆ ಕೂಡಿಡುವವರ ಒಮ್ಮತದ ಮಾತು. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ಅಂಥ ಮುಕ್ತಾಯ ತಾನಾಗಿಯೇ ಒದಗಿಬಂದಿತ್ತು. 2004ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2008ರ ಹೊತ್ತಿಗೆ ಕ್ಷೇತ್ರವೇ ಇರಲಿಲ್ಲ. ‘ಇದಕ್ಕಿಂತ ಹೆಚ್ಚಿಗೆ ಏನು ಬರೆಯುತ್ತೀರಿ ಸ್ವಾಮಿ’ ಎಂದು ಕೇಳಿದವರೇ ಈಗ ನನ್ನ ಊರುವಾರು ಮತಗಳ ಕೋಷ್ಟಕದ ಪ್ರತಿ ಕೇಳುತ್ತಿದ್ದಾರೆ. ಆದ್ದರಿಂದ ಈ ಬರಹ.

ನಾನು ಮಾಡಿದ್ದಿಷ್ಟು: ಅಭ್ಯರ್ಥಿಗಳ ಹಿಂದೆ ಹೋಗುವುದನ್ನು ಬಿಟ್ಟು ಊರುಗಳ ಹಿಂದೆ ಹೋದೆ. ಕ್ಷೇತ್ರದ ಹೆಸರನ್ನು ಕ್ಷೇತ್ರ ಪುನರ್ವಿಂಗಡಣಾ ಆಯೋಗ ಅಳಿಸಬಹುದು, ಊರು ಎಲ್ಲಿಗೂ ಹೋಗುವುದಿಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ಪುನರ್ವಿಂಗಡಣೆಯಲ್ಲಿ ಯಳಂದೂರು ತಾಲ್ಲೂಕು ಮತ್ತು ಸಂತೇಮರಹಳ್ಳಿ ಹೋಬಳಿ ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿದವು. ಹಾಗಾದರೆ 2008ರ ನಂತರದ ಕೊಳ್ಳೇಗಾಲದ ಒಳಗೆ ಹಳೆಯ ಸಂತೇಮರಹಳ್ಳಿ ಎಷ್ಟಿದೆ, ಎಲ್ಲಿದೆ ಎಂದು ಗುರುತಿಸಲು ಸಾಧ್ಯವಾಗಲೇಬೇಕಲ್ಲವೇ?

ಅದಕ್ಕೆ 2004ರ ಮತಗಟ್ಟೆವಾರು ಲೆಕ್ಕ ಬೇಕಿತ್ತು. ಮೊದಲ ಪ್ರಯತ್ನ ಮಾಹಿತಿ ಹಕ್ಕಿನದು. ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ, ಅದೇನೂ ಭಾರವಲ್ಲ. ಆದರೆ ಒಂದು ಕಚೇರಿ ‘ಕಡತ ವಿಲೇವಾರಿಯಾಗಿದೆ’ ಎಂದಿತು, ಇನ್ನೊಂದು ಮೊದಲನೆಯ ಕಚೇರಿಗೇ ವರ್ಗಾಯಿಸಿತು. ಎಂಟು ತಿಂಗಳಷ್ಟು ಕಾಲ ಅಲ್ಲೇ ಹೋಯಿತು. ಆಮೇಲೆ ಬೆಂಗಳೂರಿನ ಒಬ್ಬ ಮಾಹಿತಿ ಮಾರಾಟಗಾರರಿಗೆ ಐದು ಸಾವಿರದ ಆಸುಪಾಸು ಕೊಟ್ಟು ಮತಗಟ್ಟೆವಾರು ಫಲಿತಾಂಶದ ಕಡತ ತರಿಸಿದೆ. 2004 ಇದೆ ಎಂದು ಮಾತು ಕೊಟ್ಟಿದ್ದರು. ತೆರೆದು ನೋಡಿದರೆ ಎಲ್ಲವೂ 2008ರ ನಂತರದ್ದು. ಹಣ ಹಿಂದಿರುಗಲಿಲ್ಲ. ಕಾರು ಬಾಡಿಗೆಗೆ ಹಿಡಿದು ಹಿರಿಯರನ್ನು ಮಾತನಾಡಿಸಿದ್ದೂ ದಂಡವೇ ಆಯಿತು. 1999ರದ್ದನ್ನೂ 2004ರದ್ದನ್ನೂ ಒಂದೇ ಚುನಾವಣೆ ಎಂಬಂತೆ ಹೇಳುವವರೇ ಹೆಚ್ಚು.

ಕೈಹಿಡಿದದ್ದು ಎಣಿಕೆ ಏಜೆಂಟರ, ಅಂದರೆ ಮತ ಎಣಿಸುವಾಗ ಅಭ್ಯರ್ಥಿಗಳ ಪರವಾಗಿ ಕೂರುವವರ, ಹಾಳೆಗಳು. 2004ರಲ್ಲಿ ದೇಶದಾದ್ಯಂತ ಮತಯಂತ್ರ ಬಳಕೆಯಾಯಿತು. ಅದಕ್ಕೂ ಮುಂಚೆ ಬೇರೆ ಬೇರೆ ಮತಗಟ್ಟೆಗಳ ಮತಪತ್ರಗಳನ್ನು ಕಲೆಸಿ ಎಣಿಸುತ್ತಿದ್ದರು. ಆ ಕಾಲದ ಊರುವಾರು ಲೆಕ್ಕವನ್ನು ಹುಡುಕಿ ಯಾರೂ ಸಮಯ ಕಳೆಯಬೇಡಿ. ಯಂತ್ರ ಬಂದ ಮೇಲೆ ಪ್ರತಿ ಮೇಜಿನ ಮುಂದೆ ಕುಳಿತ ಏಜೆಂಟರು ಸುತ್ತು, ಮತಗಟ್ಟೆ, ಮತ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಒಂದು ಮತದಲ್ಲಿ ತೀರ್ಮಾನವಾದ ಚುನಾವಣೆಯ ಹಾಳೆಯನ್ನು ಯಾರು ಎಸೆಯುತ್ತಾರೆ? ಟ್ರಂಕಿನಲ್ಲಿ, ದೇವರ ಪಟದ ಹಿಂದೆ, ಜಮೀನಿನ ಪತ್ರಗಳ ಜೊತೆ ಜೋಪಾನವಾಗಿದ್ದವು. ಎರಡೂ ಪಕ್ಷದವರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಅಂಕಿಯಿದ್ದರೆ ಮಾತ್ರ ತೆಗೆದುಕೊಂಡೆ. ಸುಮಾರು ಮುಕ್ಕಾಲು ಭಾಗ ಮತಗಟ್ಟೆಗಳು ಹೀಗೆ ಗಟ್ಟಿಯಾದವು. ಒಬ್ಬರ ಹಾಳೆ ಮಾತ್ರ ಸಿಕ್ಕ ಕಡೆ ಪೆನ್ಸಿಲಿನಲ್ಲಿ ಬರೆದು ಬಿಟ್ಟಿದ್ದೇನೆ.

ಊರಿನ ಹೆಸರುಗಳನ್ನು ಹೊಂದಿಸುವುದು ಕತ್ತು ಮುರಿಯುವ ಕೆಲಸ. ಮತದಾರರ ಪಟ್ಟಿಯ ಬರವಣಿಗೆ ಒಂದು, ಜನಗಣತಿಯದು ಇನ್ನೊಂದು. ಆಲೂರು ಎಂದು ಹುಡುಕಿದರೆ ಹಾಸನದ ಆಲೂರೇ ಮೊದಲು ಎದುರಾಗುತ್ತದೆ. ಜನಗಣತಿಯ ಗ್ರಾಮಸಂಖ್ಯೆಯನ್ನು ಆಧಾರವಾಗಿಟ್ಟುಕೊಳ್ಳಿ, ಅಷ್ಟನ್ನು ಹೇಳುತ್ತೇನೆ. ಎರಡು ಊರು ಸೇರಿ ಒಂದೇ ಮತಗಟ್ಟೆಯಾಗಿದ್ದ ಕಡೆ ಮತಗಳನ್ನು ಹೇಗೆ ಬಿಡಿಸಿದೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಪುಸ್ತಿಕೆ ಅಚ್ಚಾಗಲಿ.

ನಡುವೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳದ್ದೇ (ಅವರ ಹಾಡಿಗಳದ್ದೇ) ಪ್ರತ್ಯೇಕ ಕೋಷ್ಟಕ ಮಾಡಲು ಹೊರಟೆ. ಪೋಡುಗಳಲ್ಲಿ ಬಹುತೇಕವು ಕಂದಾಯ ಗ್ರಾಮಗಳಲ್ಲದ ಕಾರಣ ಗ್ರಾಮಸಂಖ್ಯೆಯ ಉಪಾಯ ಅಲ್ಲಿ ನಡೆಯಲಿಲ್ಲ. ಮತದಾರರ ಪಟ್ಟಿಯ ಭಾಗಸಂಖ್ಯೆ ಹಿಡಿದು ಸ್ವಲ್ಪ ದೂರ ಬಂದಿದ್ದೇನೆ, ಪೂರ್ತಿಯಾಗಿಲ್ಲ. ಆದರೂ ಬಿಡುವುದಿಲ್ಲ, ಅವರ ಮತದ ಚರಿತ್ರೆಯನ್ನು ಯಾರಾದರೂ ಬರೆಯಲೇಬೇಕು.

ಒಟ್ಟು ಖರ್ಚು ಇಪ್ಪತ್ತು ಸಾವಿರ ದಾಟಿರಬಹುದು. ಉಪಯೋಗಕ್ಕೆ ಬಂದದ್ದು ನೆರಳಚ್ಚು, ಬಸ್ ಚಾರ್ಜು, ಅಂಕಿ ತುಂಬಿಸಿಕೊಟ್ಟ ಹುಡುಗಿಗೆ ಕೊಟ್ಟ ಸಂಬಳ, ಎಲ್ಲ ಸೇರಿ ಎಂಟು ಸಾವಿರದೊಳಗೆ.

ಈಗ ಇತಿಹಾಸ ಹೀಗೆ ಓದಿಸಿಕೊಳ್ಳುತ್ತದೆ. ಆರಂಭದ ಅಧ್ಯಾಯ ಬಿ. ರಾಚಯ್ಯನವರದು: ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಸಚಿವರಾಗಿದ್ದು, ಮುಂದೆ ಕೇರಳದ ರಾಜ್ಯಪಾಲರಾದವರು. 2004ರಲ್ಲಿ ಒಂದು ಮತದಿಂದ ಸೋತ ಕೃಷ್ಣಮೂರ್ತಿ ರಾಚಯ್ಯನವರ ಮಗ. ಕ್ಷೇತ್ರ ಹೋದ ಮೇಲೆ ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದು, ಮರುವರ್ಷ ಚಾಮರಾಜನಗರದ ಸಂಸದರಾದರು, 2019ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ಮತಗಳಿಂದ ಸೋತರು. ಕೊಳ್ಳೇಗಾಲದಲ್ಲಿ 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಗೆದ್ದಾಗ ಎದುರಾಳಿಯಾಗಿದ್ದವರು ಕೃಷ್ಣಮೂರ್ತಿ. ಅದೇ ಕೃಷ್ಣಮೂರ್ತಿ 2023ರಲ್ಲಿ ಕಾಂಗ್ರೆಸ್ಸಿನಿಂದ ಭಾರೀ ಅಂತರದಲ್ಲಿ, ನನ್ನ ನೆನಪಿನಂತೆ ಅರವತ್ತು ಸಾವಿರದ ಹತ್ತಿರ, ಗೆದ್ದರು. ಒಂದು ಮತಕ್ಕೆ ಕೈತಪ್ಪಿದ ಊರುಗಳಿಗೆ ಹತ್ತೊಂಬತ್ತು ವರ್ಷದ ಮೇಲೆ ಅವರು ಮತ್ತೆ ಶಾಸಕರು. ಸಂತೇಮರಹಳ್ಳಿಯ ಕಥೆ 2004ಕ್ಕೆ ಮುಗಿಯಿತು ಎಂದು ಇನ್ನು ಯಾರೂ ಬರೆಯಬಾರದು.

ಕೃಷ್ಣಮೂರ್ತಿ ಅವರ ಚಾಲಕ ಅಂದು ಮತ ಹಾಕಿರಲಿಲ್ಲ ಎಂಬ ಪ್ರಸಿದ್ಧ ಕಥೆಯನ್ನು ಕೋಷ್ಟಕದ ಹೊರಗಿಟ್ಟಿದ್ದೇನೆ. ಅಂದು ಮತಗಟ್ಟೆಗೆ ಬಾರದವರು ಸಾವಿರಾರು ಮಂದಿ. ಸೋಲಿನ ಹೊರೆಯನ್ನು ಒಬ್ಬ ದುಡಿಯುವವನ ತಲೆಗೆ ಕಟ್ಟುವುದು ಅನ್ಯಾಯ.

2008ರಲ್ಲೇ ಮರೆಯಾದ ಕಿರುಗಾವಲು ಮತ್ತು ಬನ್ನೂರು ಕ್ಷೇತ್ರಗಳಿಗೆ ಇದೇ ದಾರಿ ಹಿಡಿದಿದ್ದೇನೆ. ಕಿರುಗಾವಲಿನ ಊರುಪಟ್ಟಿ ಸಿದ್ಧವಿದೆ. ಬನ್ನೂರಿಗೆ 2004ರ ಎಣಿಕೆ ಹಾಳೆಗಳು ಬೇಕು. ಇಟ್ಟುಕೊಂಡವರು ಯಾವ ಪಕ್ಷದವರಾದರೂ ಸರಿ, ಮನೆಗೇ ಬಂದು ಪ್ರತಿ ಮಾಡಿಸಿಕೊಂಡು ಮೂಲವನ್ನು ಅಂದೇ ಹಿಂದಿರುಗಿಸುತ್ತೇನೆ. ಖರ್ಚು ನನ್ನದು.